ಅಪ್‌ಡೇಟ್: ಎಂ1 ಮ್ಯಾಕ್‌ನಲ್ಲಿ ಹಳೇ ರಿವರ್ಬ್ ಬಂತು, ಕಂಪ್ರೆಸರ್ ಬರಲಿಲ್ಲ

ಮಡಿಕೇರಿಯಿಂದ ಕೇಳಿದ್ದೆನಲ್ಲ, ಮೊಜಾವೆ (ಹಳೇ ಮ್ಯಾಕ್ಓಎಸ್) ಇದ್ದ ಇಂಟೆಲ್ ಮ್ಯಾಕ್ ಬಿಟ್ಟು ಆಪಲ್‌ನದೇ ಚಿಪ್ ಇರುವ ಎಂ1ಗೆ ಬಂದ ಮೇಲೆ ರೆಕಾರ್ಡಿಂಗ್ ಸಾಫ್ಟ್‌ವೇರ್ ರೀಪರ್‌ನಲ್ಲಿ ಹಳೇ ರಿವರ್ಬ್ (ದನಿಗೆ ಗುಂಗು ಕೊಡುವುದು), ಕಂಪ್ರೆಸರ್ (ದನಿಯ ಏರಿಳಿತ ತಗ್ಗಿಸುವುದು) ಪ್ಲಗಿನ್ ಎರಡೂ ಕಾಣ್ತಿಲ್ಲ ಅಂತ. ದುಡಿಕೊಟ್ಟ್ ಪಾಟ್ (ದುಡಿ ಬಾರಿಸುತ್ತಾ ಹಾಡುವ ಕೊಡವ ಹಾಡು) ರೆಕಾರ್ಡಿಂಗ್ ಅರ್ಧಕ್ಕೇ ನಿಂತಿತ್ತು.

ರಿವರ್ಬ್ ಸರಿಹೋಯಿತು. ರೊಸೆಟ್ಟಾ 2 (ಇಂಟೆಲ್‌ಗೆ ಬರೆದ ಪ್ರೋಗ್ರಾಂಗಳನ್ನು ಎಂ1ನಲ್ಲಿ ಓಡಿಸುವ ಆಪಲ್ ಸಾಫ್ಟ್‌ವೇರ್) ಇದೆಯಾ ನೋಡಿ ಅಂದವರಿಗೆ ದೊಡ್ಡ ಥ್ಯಾಂಕ್ಸ್. ಅದು ಇರಲೇ ಇಲ್ಲ. ಇನ್‌ಸ್ಟಾಲ್ ಮಾಡಿ ಪ್ಲಗಿನ್‌ಗಳನ್ನು ಮತ್ತೆ ಸ್ಕ್ಯಾನ್ ಮಾಡಿಸಿದೆ, ಬಂತು. ಇಡೀ ರೀಪರನ್ನೇ ರೊಸೆಟ್ಟಾದಲ್ಲಿ ತೆರೆಯುವ ಅಗತ್ಯ ಬೀಳಲಿಲ್ಲ. ಎಂ1ಗೆಂದೇ ಇರುವ ರೀಪರ್, ಇಂಟೆಲ್ ಪ್ಲಗಿನ್ನನ್ನು ಪಕ್ಕದಲ್ಲಿ ಬೇರೆ ಪ್ರೊಸೆಸ್ ಆಗಿ ಓಡಿಸುತ್ತದೆ. ಇದು ನನಗೆ ಗೊತ್ತೇ ಇರಲಿಲ್ಲ.

ಕಂಪ್ರೆಸರ್ ಕಥೆ ಬೇರೆ. ಪ್ಲಗಿನ್ ತೆಗೆದು ಮತ್ತೆ ಹಾಕಿದ್ದು ಸುಮ್ನೆ ದಂಡ. ಟರ್ಮಿನಲ್‌ನಲ್ಲಿ 'ಫೈಲ್' (file) ಅಂತ ಬರೆದು, ಪ್ಲಗಿನ್ ಬಂಡಲ್ (ಒಂದೇ ಫೈಲಿನಂತೆ ಕಾಣುವ ಫೋಲ್ಡರ್) ಒಳಗಿನ 'ಮ್ಯಾಕ್ಓಎಸ್' ಫೋಲ್ಡರಿನ ಫೈಲನ್ನು ಎಳೆದು ಬಿಟ್ಟೆ. ಬಂದದ್ದು ಬರೀ 'ಐ386'. ಅಂದರೆ ಹಳೇ 32-ಬಿಟ್ ಪ್ಲಗಿನ್. 'ಎಕ್ಸ್86_64' (64-ಬಿಟ್ ಇಂಟೆಲ್) ಅಂತ ಬಂದಿದ್ದರೆ ಆಸೆ ಇಟ್ಟುಕೊಳ್ಳಬಹುದಿತ್ತು. 2019ರ ಮ್ಯಾಕ್ಓಎಸ್ ಕ್ಯಾಟಲಿನಾದಿಂದಲೇ ಮ್ಯಾಕ್ 32-ಬಿಟ್ ಕೈಬಿಟ್ಟಿದೆ, ರೊಸೆಟ್ಟಾ ಕೂಡ ಅದನ್ನು ಮುಟ್ಟುವುದಿಲ್ಲ. ನೀವೂ ಮೊದಲು ಇದನ್ನೇ ನೋಡಿ, ತಲೆನೋವು ಉಳಿಯುತ್ತದೆ.

ಹಳೇ ಮ್ಯಾಕಿನಲ್ಲೇ ಕಂಪ್ರೆಸರ್ ಹಾಕಿ ದುಡಿ ಟ್ರ್ಯಾಕ್‌ಗಳನ್ನು ವೇವ್ ಫೈಲ್ (ಎಫೆಕ್ಟ್ ಸೇರಿಯೇ ಇರುವ ಆಡಿಯೋ) ಮಾಡಿಕೊಂಡು ತಂದೆ. ಮಳೆಗೆ ಕರೆಂಟ್ ಹೋಗುತ್ತಾ ಬರುತ್ತಾ ಇತ್ತು, ಅದರ ಬ್ಯಾಟರಿಯೋ ದೇವರಿಗೇ ಪ್ರೀತಿ!

ಇನ್ನೊಂದು ವಿಷಯ. ರೊಸೆಟ್ಟಾ ಪೂರ್ತಿಯಾಗಿ ಇರುವುದು ಮ್ಯಾಕ್ಓಎಸ್ 27ರವರೆಗೆ ಮಾತ್ರ ಅಂತ ಆಪಲ್ 2025ರಲ್ಲೇ ಹೇಳಿದೆ. ಹಾಗಾಗಿ ರಿವರ್ಬ್ ಹಾಕಿದ ಟ್ರ್ಯಾಕ್‌ಗಳನ್ನೂ ಈಗಲೇ ವೇವ್ ಮಾಡಿಡುತ್ತಿದ್ದೇನೆ.