ಸಹಾಯ ಬೇಕು: ಅಮ್ಮನ ದವಡೆ ಹಲ್ಲಿನ ಬ್ರಿಡ್ಜ್ ಯಾವುದರದ್ದು ಹಾಕಿಸಲಿ?

ಎಲ್ಲರಿಗೂ ನಮಸ್ಕಾರ. ಅಮ್ಮನ ಕೆಳದವಡೆಯ ಒಂದು ಹಲ್ಲು ಕಿತ್ತಿದ್ದಾರೆ, ಪಕ್ಕದ್ದಕ್ಕೆ ರೂಟ್ ಕೆನಾಲ್ ಆಗಿದೆ. ಈಗ 3 ಹಲ್ಲಿನ ಬ್ರಿಡ್ಜ್ (ಅಕ್ಕಪಕ್ಕದ ಹಲ್ಲುಗಳ ಆಸರೆಯಲ್ಲಿ ಕೂರುವ ಕೃತಕ ಹಲ್ಲಿನ ಜೋಡಣೆ) ಕೂರಿಸಬೇಕು. ಮೆಟಲ್ ಸೆರಾಮಿಕ್ಕೋ (ಒಳಗೆ ಲೋಹ, ಮೇಲೆ ಪಿಂಗಾಣಿ) ಜಿರ್ಕೋನಿಯಾನೋ (ಲೋಹವಿಲ್ಲದ ಗಟ್ಟಿ ಬಿಳಿ ಸೆರಾಮಿಕ್) ನೀವೇ ಹೇಳಿ ಅಂದಿದ್ದಾರೆ ಡಾಕ್ಟರು. ಅಮ್ಮ ನಿದ್ದೆಯಲ್ಲಿ ಹಲ್ಲು ಕಡಿಯುತ್ತಾರೆ, ಹಗಲು ಅಡಿಕೆ ಬಿಡಲ್ಲ (ಹೇಳಿ ಸಾಕಾಗಿದೆ!). ಮೆಟಲ್ ಮೇಲಿನ ಪಿಂಗಾಣಿ ಚಕ್ಕೆ ಏಳಬಹುದೆಂಬ ಭಯ. ಮೆಟಲ್‌ನಿಂದ ವಸಡಿನಂಚಿನಲ್ಲಿ ಬರುವ ಕಪ್ಪು ಗೆರೆ ಹಿಂದಿನ ಹಲ್ಲಲ್ಲಿ ಯಾರಿಗೂ ಕಾಣಲ್ಲ, ಅದು ಬಿಡಿ. ಮೇಲೆ ಪದರವಿಲ್ಲದ, ಪೂರ್ತಿ ಜಿರ್ಕೋನಿಯಾದ್ದು ಗಟ್ಟಿ. ಆದರೆ ಪಾಲಿಶ್ ಒರಟಾಗಿದ್ದರೆ ಎದುರಿನ ಹಲ್ಲು ಸವೆಯುತ್ತದಂತೆ. ಹಲ್ಲು ಕಡಿಯುವ ಅಭ್ಯಾಸವಿದ್ದೂ ಜಿರ್ಕೋನಿಯಾ ಹಾಕಿಸಿಕೊಂಡವರು ಇದ್ದೀರಾ? ಎದುರಿನ ಹಲ್ಲು ಹೇಗಿದೆ? ರಾತ್ರಿ ನೈಟ್ ಗಾರ್ಡ್ (ಹಲ್ಲಿನ ಮೇಲೆ ಹಾಕುವ ರಕ್ಷಾಕವಚ) ಹಾಕ್ತೀರಾ? ಗುಂಪಿನಲ್ಲಿ ದಂತವೈದ್ಯರಿದ್ದರೆ ದಯವಿಟ್ಟು ತಿಳಿಸಿ, ಮುಂದಿನ ವಾರ ಅಳತೆ ತೆಗೀತಾರೆ.