ಡಿಮೆನ್ಶಿಯಾಕ್ಕೆ 'ಮರೆವು' ಅಂದರೆ ಸಾಕೇ?

ಗೆಳೆಯರೇ,

ಡಿಮೆನ್ಶಿಯಾ, ಅಂದರೆ ನೆನಪು, ಯೋಚನೆ, ನಡವಳಿಕೆ ಕೆಡುತ್ತಾ ಹೋಗುವ ಸ್ಥಿತಿ, ಇರುವವರನ್ನು ಮನೆಯಲ್ಲಿ ನೋಡಿಕೊಳ್ಳುವವರಿಗಾಗಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಮೊದಲ ಸಾಲಿನಲ್ಲೇ ತೊಡಕು. ಇದನ್ನು ಕನ್ನಡದಲ್ಲಿ ಏನೆಂದು ಕರೆಯೋಣ?

ಬಾಯಿಮಾತಿನಲ್ಲಿ ಇರುವುದು 'ಅರಳು ಮರಳು'. 'ಅರವತ್ತಕ್ಕೆ ಅರಳು ಮರಳು' ಎಂಬ ಗಾದೆ ಎಲ್ಲರಿಗೂ ಗೊತ್ತು. ಜೋಡಿಪದ ಸೊಗಸಾಗಿದೆ, ನಿಜ. ಆದರೆ ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಎಂದು ಅದು ಹೇಳಿಬಿಡುತ್ತದೆ. ಡಿಮೆನ್ಶಿಯಾ ಮುಪ್ಪಿನ ಸಹಜ ಭಾಗವಲ್ಲ. ಮಿದುಳಿನ ಕಾಯಿಲೆಗಳಿಂದ ಬರುವಂಥದ್ದು. 65 ದಾಟದವರಿಗೂ ಬರಬಹುದು. 'ಇದ್ದದ್ದೇ' ಅಂದುಕೊಂಡವರು ಡಾಕ್ಟರ ಹತ್ತಿರ ಹೋಗುವುದೇ ಇಲ್ಲ. ಥೈರಾಯ್ಡ್ ತೊಂದರೆ, ಬಿ12 ಕೊರತೆ, ಖಿನ್ನತೆ ಇವುಗಳಿಂದಲೂ ಇಂಥದೇ ಲಕ್ಷಣ ಕಾಣಿಸಬಹುದು, ಅವಕ್ಕೆ ಚಿಕಿತ್ಸೆ ಇದೆ. ಹಾಗಾಗಿ ಕೈಪಿಡಿಯಲ್ಲಿ ಈ ಪದ ಬಳಸಲು ನನಗೆ ಮನಸ್ಸಿಲ್ಲ.

'ಬುದ್ಧಿಮಾಂದ್ಯತೆ' ಎಂದು ಬರೆದದ್ದನ್ನೂ ನೋಡಿದ್ದೇನೆ. ಅದು ಬೇರೆಯೇ. ಎಳವೆಯಿಂದಲೇ ಬುದ್ಧಿಯ ಬೆಳವಣಿಗೆ ನಿಧಾನವಾದ ಸ್ಥಿತಿಗೆ ಬಳಕೆಯಾದ ಪದ ಅದು.

ಉಳಿದದ್ದು 'ಮರೆವಿನ ಕಾಯಿಲೆ', 'ಮರೆಗುಳಿತನ'. ಥಟ್ಟನೆ ತಿಳಿಯುತ್ತವೆ. ಡಿಮೆನ್ಶಿಯಾದಲ್ಲಿ ನೂರಕ್ಕೆ 60ರಿಂದ 70ರಷ್ಟು ಆಲ್‌ಝೈಮರ್ ಕಾಯಿಲೆಯದು. ಅಲ್ಲಿ ಸಾಮಾನ್ಯವಾಗಿ ಇತ್ತೀಚಿನ ನೆನಪು ಮೊದಲು ಜಾರುತ್ತದೆ, ಹಳೆಯದು ಎಷ್ಟೋ ಕಾಲ ಉಳಿಯುತ್ತದೆ. ಆದರೆ ಎಲ್ಲ ಬಗೆಯೂ ಹೀಗಲ್ಲ. ಮಿದುಳಿನ ಮುಂಭಾಗ ಮತ್ತು ಪಕ್ಕದ ಭಾಗ ಸವೆಯುವ ಬಗೆಯಲ್ಲಿ ಮೊದಲು ಕೆಡುವುದು ನಡವಳಿಕೆ ಅಥವಾ ಮಾತು, ನೆನಪಲ್ಲ. ಲ್ಯೂಯಿ ಬಾಡಿ ಎಂಬ ಇನ್ನೊಂದು ಬಗೆಯಲ್ಲಿ ಎದುರಿಗೆ ಇಲ್ಲದವರು ಕಾಣಿಸಬಹುದು. ಮನೆಯವರನ್ನು ಜಾಸ್ತಿ ದಣಿಸುವುದೂ ಮರೆವಲ್ಲ. ದುಡ್ಡು ಕದ್ದರೆಂಬ ಅನುಮಾನ, ರಾತ್ರಿಯೆಲ್ಲ ಎಚ್ಚರ, ಅಂಗಿಯ ಗುಂಡಿ ಹಾಕಲು ಬಾರದ ಕೈ. ಇವನ್ನೆಲ್ಲ 'ಮರೆವು' ಎಂಬ ಮಾತು ಒಳಗೊಳ್ಳುವುದಿಲ್ಲ. ಆಗ 'ಬೇಕಂತಲೇ ಹಠ ಮಾಡ್ತಾರೆ' ಎಂಬ ಸಿಟ್ಟು ಹುಟ್ಟುತ್ತದೆ.

ಇನ್ನೊಂದು ತೊಂದರೆ ಇದೆ. ಮರೆವು ಅಂದ ಕೂಡಲೇ ಎಲ್ಲರೂ ನೆನಪಿಸಲು ಹೊರಡುತ್ತಾರೆ. 'ನಾನು ಯಾರು ಹೇಳಿ ನೋಡೋಣ?' ಪಾಪ, ಅವರಿಗೆ ಅದು ಪರೀಕ್ಷೆ. ಉತ್ತರ ಹೊಳೆಯದಿದ್ದರೆ ನಾಚಿಕೆ, ಗಾಬರಿ. 'ಅಮ್ಮಾ, ನಾನು ನಿಮ್ಮ ಮಗಳು, ಬಂದಿದ್ದೀನಿ' ಎಂದು ನಾವೇ ಮೊದಲು ಹೇಳಿಕೊಂಡರೆ ಎಷ್ಟು ಹಗುರ ಅಲ್ವಾ?

ಜಪಾನಿನಲ್ಲಿ 2004ರಲ್ಲಿ ಸರ್ಕಾರವೇ ಈ ಕಾಯಿಲೆಯ ಹಳೆಯ ಹೆಸರನ್ನು ಬಿಟ್ಟಿತು. ಅದರಲ್ಲಿ ಪೆದ್ದುತನದ ಅರ್ಥವಿತ್ತು. ಹೊಸ ಹೆಸರು 'ನಿಂಚಿಶೋ'. ಅರಿಯುವ ಶಕ್ತಿಗೆ ಸಂಬಂಧಿಸಿದ ಕಾಯಿಲೆ ಎಂಬಂಥ ಅರ್ಥ. ಅದನ್ನು ಓದಿದ ಮೇಲೆ ನನಗೆ 'ಅರಿವಿನ ಕುಂದು' ಹೊಳೆಯಿತು. ಆದರೂ ಒಂದು ಅನುಮಾನ ಉಳಿದಿದೆ. ನಡೆದದ್ದು ಮರೆತುಹೋದರೂ ಅದು ಕೊಟ್ಟ ಖುಷಿ, ನೋವು ಅವರಲ್ಲಿ ಉಳಿಯಬಲ್ಲದು. ಕನ್ನಡದಲ್ಲಿ 'ಅರಿವು' ಅಂದರೆ ಭಾವವೂ ಸೇರಿತೇ? ಸೇರುವುದಾದರೆ, 'ಅರಿವು ಕುಂದಿದೆ' ಅಂದದ್ದು 'ಇವರಿಗೆ ಏನೂ ತಾಗುವುದಿಲ್ಲ' ಎಂದು ಕೇಳಿಸಬಾರದು.

'ಡಿಮೆನ್ಶಿಯಾ ಪೀಡಿತರು' ಅನ್ನುವುದನ್ನಂತೂ ಬಿಟ್ಟಿದ್ದೇನೆ. 'ಡಿಮೆನ್ಶಿಯಾ ಇರುವವರು' ಸಾಕು.

ನಿಮ್ಮ ಮನೆಮಾತಿನಲ್ಲಿ ಇದಕ್ಕೆ ಬೇರೆ ಪದ ಇದ್ದರೆ ತಿಳಿಸಿ. ಯಾರು ಹೇಳುತ್ತಾರೆ, ಯಾವ ದನಿಯಲ್ಲಿ ಹೇಳುತ್ತಾರೆ ಎಂಬುದನ್ನೂ ಬರೆಯಿರಿ. ಆ ಕಾಯಿಲೆ ಇರುವವರ ಎದುರೇ, ಅವರಿಗೆ ನೋವಾಗದಂತೆ ಹೇಳಬಹುದಾದ ಪದ ನನಗೆ ಬೇಕು.