ಅಗ್ಗದ ಸ್ಟ್ರ್ಯಾಟ್ ಗಿಟಾರಿಗೆ ಹಳೆಯ ಮಾದರಿಯ ಬಿಡಿಭಾಗ: ಯಾವುದನ್ನು ಮೊದಲು ಬದಲಿಸಬೇಕು?

ಪ್ರಶ್ನೆ (ಬಾಗಲಕೋಟೆಯಿಂದ)

ನಮಸ್ಕಾರ. ನಾನು ನಮ್ಮ ಜಿಲ್ಲೆಯ ಜಾತ್ರೆ, ಮದುವೆಗಳ ರಸಮಂಜರಿ ಕಾರ್ಯಕ್ರಮಗಳಲ್ಲಿ ಗಿಟಾರ್ ನುಡಿಸುತ್ತೇನೆ. ನನ್ನ ಬಳಿ ಇರುವುದು ಸ್ಟ್ರ್ಯಾಟೊಕಾಸ್ಟರ್ ಮಾದರಿಯ ಅಗ್ಗದ ವಾದ್ಯ. ಆರು ಸ್ಕ್ರೂಗಳ ಟ್ರೆಮೊಲೊ ಬ್ರಿಜ್ (ತಂತಿಗಳನ್ನು ಹಿಡಿದಿರುವ, ಆರ್ಮ್ ಎಂಬ ಸರಳಿನಿಂದ ಅಲುಗಿಸಿ ಸ್ವರ ಬದಲಿಸುವ ಭಾಗ) ಇದೆ. ನೆಕ್ ಕೈಗೆ ಒಗ್ಗಿಹೋಗಿರುವುದರಿಂದ ಬೇರೆ ಗಿಟಾರ್ ಕೊಳ್ಳುವ ಮನಸ್ಸಿಲ್ಲ. ಆದರೆ ಆರ್ಮ್ ಒತ್ತಿ ಬಿಟ್ಟ ಮೇಲೆ ಶ್ರುತಿ ಏರಿ ನಿಲ್ಲುತ್ತದೆ, ನಾದವೂ ಕರ್ಕಶವಾಗಿದೆ. 1950ರ ದಶಕದ ಮಾದರಿಯ ಉಕ್ಕಿನ ಬ್ರಿಜ್, ಕ್ಲೂಸನ್ ಕಂಪನಿಯ ರೀತಿಯ ಟ್ಯೂನರ್ (ಶ್ರುತಿ ಕೂಡಿಸುವ ಬಿರಡೆ), ಆಲ್ನಿಕೊ ಎಂಬ ಮಿಶ್ರಲೋಹದ ಅಯಸ್ಕಾಂತವಿರುವ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಭಾಗ), ಬಟ್ಟೆ ಹೊದಿಕೆಯ ವೈರು, ಎಣ್ಣೆಕಾಗದದ ಕೆಪಾಸಿಟರ್ ಎಲ್ಲವನ್ನೂ ಒಮ್ಮೆಲೇ ತರಿಸಬೇಕೆಂದಿದ್ದೇನೆ. ಬಾದಾಮಿ ಬನಶಂಕರಿ ಜಾತ್ರೆಯೊಳಗೆ ಗಿಟಾರ್ ಸಿದ್ಧವಾಗಬೇಕು. ಬಲ್ಲವರು ತಿಳಿಸಬೇಕು.

ಉತ್ತರ (ಬೆಳಗಾವಿಯಿಂದ)

ತರಿಸುವ ಮೊದಲು ವರ್ನಿಯರ್ ಹಿಡಿದು ಅಳತೆ ತೆಗೆದುಕೊಳ್ಳಿ. ಹಳೆಯ ಮಾದರಿಯ ಭಾಗಗಳೆಲ್ಲ ಇಂಚಿನ ಲೆಕ್ಕದವು, ಅಗ್ಗದ ಗಿಟಾರುಗಳು ಬಹುಮಟ್ಟಿಗೆ ಮಿಲಿಮೀಟರ್ ಲೆಕ್ಕದವು. ತೊಡಕು ಹುಟ್ಟುವುದು ಅಲ್ಲಿಯೇ. 1954ರಲ್ಲಿ ಬಂದ ಸ್ಟ್ರ್ಯಾಟೊಕಾಸ್ಟರಿನ ಬ್ರಿಜ್‌ನಲ್ಲಿ ತುದಿಯ ಎರಡು ಸ್ಕ್ರೂಗಳ ನಡುವಿನ ಅಂತರ ಸುಮಾರು 56 ಮಿ.ಮೀ.; ನಿಮ್ಮಂತಹ ಗಿಟಾರುಗಳಲ್ಲಿ ಅದು 52.5ರ ಆಸುಪಾಸಿನಲ್ಲಿರುತ್ತದೆ. ಹಳೆಯ ರಂಧ್ರಗಳನ್ನು ಮರದ ಕಡ್ಡಿಯಿಂದ ಮುಚ್ಚಿ ಹೊಸದಾಗಿ ಕೊರೆಸಿ ಅಗಲದ ಬ್ರಿಜ್ ಕೂರಿಸಬಹುದು ನಿಜ, ಆದರೆ ನೆಕ್ ಅಷ್ಟು ಅಗಲವಿರದಿದ್ದರೆ ಮೇಲಿನ ಫ್ರೆಟ್‌ಗಳಲ್ಲಿ ಮೊದಲನೆಯ ತಂತಿ ಅಂಚಿನಿಂದ ಜಾರಿ ಕೆಳಗಿಳಿಯುತ್ತದೆ. ಬಾಡಿಯ ದಪ್ಪವನ್ನೂ ನೋಡಬೇಕು. ಬ್ರಿಜ್‌ನ ಕೆಳಗೆ ಬಾಡಿಯೊಳಕ್ಕೆ ಇಳಿಯುವ ಪೂರ್ಣ ಅಳತೆಯ ಉಕ್ಕಿನ ಬ್ಲಾಕ್ ಸುಮಾರು 42 ಮಿ.ಮೀ. ಉದ್ದವಿರುವುದರಿಂದ 40 ಮಿ.ಮೀ. ದಪ್ಪದ ಬಾಡಿಯಲ್ಲಿ ಅದು ಹಿಂಬದಿಯಿಂದ ಹೊರಗೆ ಇಣುಕುತ್ತದೆ.

ಇನ್ನು ಶ್ರುತಿಯ ವಿಚಾರ. ಆರ್ಮ್ ಒತ್ತಿ ಬಿಟ್ಟಾಗ ಶ್ರುತಿ ಏರಿದರೆ, ತಂತಿಯನ್ನು ಬೆರಳಿನಿಂದ ಎಳೆದು ಬಿಟ್ಟಾಗ ಇಳಿದರೆ, ತಂತಿ ನಟ್‌ನ (ನೆಕ್‌ನ ತುದಿಯಲ್ಲಿ ತಂತಿಗಳು ಹಾದುಹೋಗುವ ಸೀಳುಗಳಿರುವ ಪಟ್ಟಿ) ಸೀಳಿನಲ್ಲಿ ಸಿಕ್ಕಿಕೊಳ್ಳುತ್ತಿದೆ ಎಂದೇ ತಿಳಿಯಬೇಕು. ಟ್ಯೂನರ್ ತಿರುಗಿಸುವಾಗ ನಟ್‌ನ ಬಳಿ ‘ಟಿಂಕ್’ ಎಂಬ ಸಣ್ಣ ಸದ್ದು ಕೇಳಿಸಿ ಸ್ವರ ಥಟ್ಟನೆ ಜಿಗಿದರೆ ಸಂಶಯವೇ ಬೇಡ. ಸೀಳಿನಲ್ಲಿ ಪೆನ್ಸಿಲಿನ ಸೀಸವನ್ನು ತಿಕ್ಕಿ ನೋಡಿ. ಗುಣ ಕಂಡರೆ ಮೂಳೆಯ ನಟ್ ಹಾಕಿಸಿ. ಇದಕ್ಕೆ ದೂರ ಹೋಗಬೇಕಾಗಿಲ್ಲ. ಮಿರಜಿನಲ್ಲಿ ಸಿತಾರ್, ತಂಬೂರಿ ಮಾಡುವವರು ತಲೆಮಾರುಗಳಿಂದ ತಂತಿ ಕೂರುವ ಕುದುರೆಗೆ ಅರ ಹಿಡಿದ ಕೈಯವರು. ತಂತಿಯ ದಪ್ಪ, ಸೀಳಿನ ಆಳವನ್ನು ಬರೆದುಕೊಂಡು ಹೋದರೆ ಅವರಿಗೆ ಕೆಲಸ ಅರ್ಥವಾಗುತ್ತದೆ. ಟ್ಯೂನರಿಗೆ ಹಣ ಸುರಿಯುವುದು ಆಮೇಲಿನ ಮಾತು.

ಉತ್ತರ (ವಿಜಯಪುರದಿಂದ)

ಮೇಲಿನವರು ಹೇಳಿದ್ದು ಸರಿಯಾಗಿದೆ. ನಾನು ವಿದ್ಯುತ್ ಭಾಗದ ಬಗ್ಗೆ ಮಾತ್ರ ಬರೆಯುತ್ತೇನೆ.

ನಾದದಲ್ಲಿ ನಿಜವಾದ ವ್ಯತ್ಯಾಸ ತರುವುದು ಪಿಕಪ್. ಅಗ್ಗದ ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಉಕ್ಕಿನ ಕಡ್ಡಿಗಳಿದ್ದು, ಅವುಗಳ ಕೆಳಗೆ ಸೆರಾಮಿಕ್ ಅಯಸ್ಕಾಂತದ ಪಟ್ಟಿಯನ್ನು ಅಂಟಿಸಿರುತ್ತಾರೆ. ಹಳೆಯ ಮಾದರಿಯಲ್ಲಿ ಕಡ್ಡಿಗಳೇ ಆಲ್ನಿಕೊ ಅಯಸ್ಕಾಂತಗಳು. ಆದರೆ ‘ಅಪ್ಪಟ ಹಳೆಯದು’ ಎಂದು ಮಾರುವ ಸೆಟ್ಟನ್ನು ನಿಮಗೆ ನಾನು ಹೇಳುವುದಿಲ್ಲ. ಅದರಲ್ಲಿ ಮೂರೂ ಪಿಕಪ್‌ಗಳನ್ನು ಒಂದೇ ದಿಕ್ಕಿನಲ್ಲಿ ಸುತ್ತಿರುತ್ತಾರೆ, ಹಾಗಾಗಿ ಸುತ್ತಲಿನ ವಿದ್ಯುತ್ತಿನಿಂದ ಬರುವ ಗುಂಯ್ ಎಂಬ ಸದ್ದು ಅಡಗದೆ ಉಳಿಯುತ್ತದೆ. ಜಾತ್ರೆಯ ಪೆಂಡಾಲಿನಲ್ಲಿ ಸೀರಿಯಲ್ ಸೆಟ್ ದೀಪ, ಡಿಮ್ಮರ್, ಜನರೇಟರ್ ನಡುವೆ ನಿಂತು ನುಡಿಸುವವರಿಗೆ ಆ ಗುಂಯ್‌ಗುಡುವ ಸದ್ದು ತಲೆನೋವು. ನಡುವಿನ ಪಿಕಪ್ ವಿರುದ್ಧ ದಿಕ್ಕಿನ ಸುತ್ತು, ವಿರುದ್ಧ ಧ್ರುವದ್ದಾಗಿರುವ ಸೆಟ್ ಕೊಂಡರೆ ಎರಡು ಪಿಕಪ್‌ಗಳು ಒಟ್ಟಿಗೆ ನುಡಿಯುವ ಸ್ವಿಚ್ಚಿನ ಎರಡನೆಯ ಮತ್ತು ನಾಲ್ಕನೆಯ ಸ್ಥಾನಗಳಲ್ಲಿ ಆ ಸದ್ದು ಬಹುಪಾಲು ಅಡಗುತ್ತದೆ. ಹಾಗೆಯೇ ಮೊದಲಿನ ಸ್ವಿಚ್ಚಿಗೆ ಮೂರೇ ಸ್ಥಾನಗಳಿದ್ದವು, ಐದು ಬಂದದ್ದು 1977ರಲ್ಲಿ. ಹಳೆಯದರ ಮೋಹಕ್ಕೆ ಇದನ್ನು ಕಳೆದುಕೊಳ್ಳಬೇಡಿ.

ಪಾಟ್‌ಗಳು (ವಾಲ್ಯೂಮ್, ಟೋನ್ ನಾಬ್‌ಗಳ ಕೆಳಗಿರುವ, ಹೆಚ್ಚು ಕಡಿಮೆ ಮಾಡಬಲ್ಲ ರೋಧಕಗಳು) 250 ಕಿಲೊಓಮ್‌ನವು ಇರಲಿ. ದೊಡ್ಡ ಪಾಟ್‌ನ ಕುತ್ತಿಗೆ 9.5 ಮಿ.ಮೀ. ಇರುವುದರಿಂದ ಪಿಕ್‌ಗಾರ್ಡಿನ ರಂಧ್ರವನ್ನು ರೀಮರಿನಿಂದ ಹಿಗ್ಗಿಸಬೇಕಾಗಬಹುದು, ಈಗಿನ ನಾಬ್‌ಗಳು ಅದಕ್ಕೆ ಕೂರದೆಯೂ ಇರಬಹುದು. ಬಟ್ಟೆ ಹೊದಿಕೆಯ ವೈರು ಬೆಸೆಯಲು ಸುಲಭ, ಅಷ್ಟೇ. ಕೆಪಾಸಿಟರ್ ಎಣ್ಣೆಕಾಗದದ್ದೋ ಪ್ಲಾಸ್ಟಿಕ್ಕಿನದೋ ಎಂಬುದು ಕಿವಿಗೆ ತಿಳಿಯದು. ತಿಳಿಯುವುದು ಅದರ ಮೌಲ್ಯ. 1950ರ ದಶಕದಲ್ಲಿ 0.1 ಮೈಕ್ರೊಫ್ಯಾರಡ್ ಹಾಕುತ್ತಿದ್ದರು, ಇಂದು 0.022 ಸಾಮಾನ್ಯ. ಟೋನ್ ನಾಬನ್ನು ಪೂರ್ತಿ ಇಳಿಸಿದಾಗ 0.1 ನಾದವನ್ನು ತೀರ ಮಂಕಾಗಿಸುತ್ತದೆ. ಕೆಲವೇ ರೂಪಾಯಿಯ ವಸ್ತುವಾದ್ದರಿಂದ ಎರಡನ್ನೂ ಬೆಸೆದು ಕೇಳಿ ನೋಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಅಳತೆ ತೆಗೆದೆ: ಸ್ಕ್ರೂ ಅಂತರ 52.5, ಬಾಡಿಯ ದಪ್ಪ 40, ಟ್ಯೂನರ್ ರಂಧ್ರ 10 ಮಿ.ಮೀ. ಪೆನ್ಸಿಲ್ ತಿಕ್ಕಿದ ಮೇಲೆ ಮೂರನೆಯ ತಂತಿ ಬಹಳ ಮಟ್ಟಿಗೆ ನಿಂತಿದೆ. ಹೀಗಿದ್ದ ಮೇಲೆ ಉಕ್ಕಿನ ಬ್ಲಾಕಿನ ಆಸೆ ಬಿಡಬೇಕೆ?

ಉತ್ತರ (ಬೆಳಗಾವಿಯಿಂದ)

ಬಿಡಬೇಕಾಗಿಲ್ಲ. 52.5 ಅಂತರದ ಬ್ರಿಜ್‌ಗಳು ತಂತಿ ಕೂರುವ ಬಾಗಿಸಿದ ಉಕ್ಕಿನ ಸ್ಯಾಡಲ್‌ಗಳೊಂದಿಗೇ ಸಿಗುತ್ತವೆ. ಗಿಡ್ಡ ಬ್ಲಾಕ್ ಇರುವುದನ್ನೇ ಆರಿಸಿ. ಸಿಗದಿದ್ದರೆ ಈಗಿನ ಬ್ಲಾಕನ್ನು ಬಿಚ್ಚಿ ಮಾದರಿಯಾಗಿ ಕೊಟ್ಟು, ಇಲ್ಲಿನ ಉದ್ಯಮಬಾಗದಲ್ಲಿ ಮಿಲ್ಲಿಂಗ್ ಯಂತ್ರವಿರುವ ಯಾವುದಾದರೂ ವರ್ಕ್‌ಶಾಪಿನಲ್ಲಿ ಅದೇ ಅಳತೆಗೆ ಉಕ್ಕಿನದು ಮಾಡಿಸಬಹುದು. ಆರ್ಮನ್ನೂ ಜೊತೆಗೆ ಕೊಡಿ. ಹಳೆಯ ಅಮೆರಿಕನ್ ಆರ್ಮ್‌ನ ತಿರುಪಿನ ಸುತ್ತು ಇಂಚಿನದು, ನಿಮ್ಮದು ಮಿಲಿಮೀಟರಿನದಾಗಿದ್ದರೆ ರಂಧ್ರದಲ್ಲಿ ಆ ಸುತ್ತು ಕೊರೆಯುವ ಟ್ಯಾಪ್ ಬೇರೆಯೇ ಬೇಕಾಗುತ್ತದೆ. ಟ್ಯೂನರ್ ಬದಲಿಸುವುದಾದರೆ 10 ಮಿ.ಮೀ. ರಂಧ್ರಕ್ಕೆ ಹೊಂದುವ ಬುಶ್ಶನ್ನು (ರಂಧ್ರದೊಳಗೆ ಕೂರುವ ಬಳೆಯನ್ನು) ಪ್ರತ್ಯೇಕವಾಗಿ ಕೇಳಿ ತರಿಸಿ. ಬ್ರಿಜ್ ತೆಗೆಯುವಾಗ ಹಿಂಬದಿಯ ಸ್ಪ್ರಿಂಗ್ ಕೊಕ್ಕೆಗೆ ಬೆಸೆದಿರುವ ಅರ್ತ್ ವೈರು ಕಿತ್ತುಬರದಂತೆ ಎಚ್ಚರ ವಹಿಸಿ. ಅದು ಬಿಟ್ಟುಹೋದರೆ ವಿಜಯಪುರದವರು ಹೇಳಿದ ಸದ್ದು ಎಷ್ಟು ಒಳ್ಳೆಯ ಪಿಕಪ್ ಹಾಕಿದರೂ ಹೆಚ್ಚುತ್ತದೆ.